ಬೀಡಿ ವಿತರಣಾ ನಿಯಮಾವಳಿ

ವಿಜಯನಗರದಲ್ಲಿ ನಮ್ಮ ಮನೆಯ ತಿರುವಿಗೆ ಒಂದು ಪೆಟ್ಟಿಗೆ ಅಂಗಡಿಯಿದೆ. ಅಂಗಡಿಯ ಚಂದ್ರಪ್ಪ ಕೆಲವು ವಾರಗಳ ಹಿಂದೆ ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿ, ಬಹಳ ಗೌರವದಿಂದ ಹೇಳಿದ:

“ಸಾರ್, ತಪ್ಪು ತಿಳ್ಕೋಬೇಡಿ. ವಾರಕ್ಕೆ ನಾಲ್ಕು ಕಟ್ಟು ಜಾಸ್ತಿ ಆಯ್ತು. ಈ ವಯಸ್ಸಲ್ಲಿ ಸ್ವಲ್ಪ ಕಮ್ಮಿ ಮಾಡಿ. ವ್ಯಾಪಾರ ನಂದೇ, ಆದ್ರೂ ಹೇಳ್ತಿದೀನಿ.”

ಕಟ್ಟು ಎಂದರೆ ಬೀಡಿ ಕಟ್ಟು.

ನಾನು ಅರವತ್ತೇಳು ವರ್ಷಗಳಲ್ಲಿ ಒಂದೇ ಒಂದು ಬೀಡಿಯನ್ನೂ ಸೇದಿದವನಲ್ಲ. (ಕಾಲೇಜಿನ ದಿನಗಳಲ್ಲಿ ಒಂದು ಸಿಗರೇಟು ಹಚ್ಚಿದ್ದುಂಟು. ಕೆಮ್ಮು ನಿಲ್ಲುವ ಹೊತ್ತಿಗೆ ಗೆಳೆಯರು ಅದನ್ನು ಸೇದಿ ಮುಗಿಸಿದ್ದರು.) ಆದರೆ ಚಂದ್ರಪ್ಪನ ಕಣ್ಣಲ್ಲಿ ನಿಜವಾದ ಕಾಳಜಿಯಿತ್ತು. ಅಂಥ ಕಾಳಜಿಗೆ ವಿವರಣೆ ಕೊಡುತ್ತಾ ನಿಲ್ಲುವುದು ಅಸಭ್ಯತೆ. “ಪ್ರಯತ್ನ ಪಡ್ತೀನಿ ಚಂದ್ರಪ್ಪ” ಎಂದು ನಾಲ್ಕು ಕಟ್ಟು ಇಸಿದುಕೊಂಡು ಬಂದೆ.

ಬೀಡಿ ನನ್ನ ಬಾಮೈದನಿಗೆ. ಹೆಸರು ಮಹದೇವಸ್ವಾಮಿ, ಮನೆಯಲ್ಲಿ ಮಾದೇವ. ವಯಸ್ಸು ನಲವತ್ತನಾಲ್ಕು. ನನ್ನ ಹೆಂಡತಿ ಸರೋಜಳಿಗಿಂತ ಹದಿನೈದು ವರ್ಷ ಚಿಕ್ಕವನು, ಅವಳು ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದ ತಮ್ಮ. ನಜರ್‌ಬಾದಿನಲ್ಲಿ ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿ ಇಟ್ಟಿದ್ದ. ಕೈ ಒಳ್ಳೆಯದು. ಆದರೆ ಆ ಕೈ ಬೆಳಿಗ್ಗೆ ಹನ್ನೊಂದಕ್ಕೇ ಬಾಟಲಿ ಹುಡುಕತೊಡಗಿತು. ಒಮ್ಮೆ ಯಾರದೋ ಮದುವೆಯ ಫೋಟೊದ ಕೆಳಗೆ ‘ಜನನ’, ‘ಮರಣ’ ಎಂದು ಅಚ್ಚಾದ ಪಟ್ಟಿ ಅಂಟಿಸಿ, ಗಂಧದ ಹಾರವನ್ನೂ ತೊಡಿಸಿ, ಅಚ್ಚುಕಟ್ಟಾಗಿ ಪ್ಯಾಕ್ ಮಾಡಿ ಹೊಸ ದಂಪತಿಗಳ ಕೈಗೆ ಕೊಟ್ಟ. ಅಂಗಡಿ ಅದಾದ ಮೇಲೆ ಬಹಳ ದಿನ ನಡೆಯಲಿಲ್ಲ.

ಹೋದ ವರ್ಷ ಅವನನ್ನು ರಿಂಗ್ ರೋಡಿನ ಆಚೆಗಿರುವ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಮೂರು ತಿಂಗಳ ಚಿಕಿತ್ಸೆ. ಮಾದೇವ ಕುಡಿತ ಬಿಟ್ಟ. ನಿಜವಾಗಿಯೂ ಬಿಟ್ಟ. ಹೊರಗೆ ಬಂದರೆ ಮತ್ತೆ ಜಾರುತ್ತೇನೆಂದು ಹೆದರಿ ಅಲ್ಲೇ ಸಹಾಯಕನಾಗಿ ಉಳಿದುಕೊಂಡ.

ಈಗ ಹನ್ನೊಂದು ತಿಂಗಳಾಯಿತು, ಒಂದು ತೊಟ್ಟು ಮುಟ್ಟಿಲ್ಲ.

ಇದೇ ಹನ್ನೊಂದು ತಿಂಗಳಲ್ಲಿ ಅವನ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು.

ಎರಡಕ್ಕೂ ಸಂಬಂಧವಿದೆ. ಆ ಸಂಬಂಧವನ್ನು ಕುದುರಿಸಿದ ಹಿರಿಯರು ಯಾರು ಎಂಬುದು ಈ ವಾರದ ಅಂಕಣದ ವಿಷಯ.

ಕುಡಿತ ಬಿಡಿಸುವ ಜಾಗಕ್ಕೆ ನೀವು ಎಂದಾದರೂ ಹೋಗಿದ್ದೀರಾ? (ಹೋಗಿದ್ದರೂ ಹೇಳಬೇಡಿ. ನಾವು ಮೈಸೂರಿನವರು, ಇಂಥದ್ದನ್ನೆಲ್ಲ ‘ಸ್ವಲ್ಪ ರೆಸ್ಟಿಗೆ ಹೋಗಿದ್ದಾರೆ’ ಎನ್ನುತ್ತೇವೆ.) ಅಲ್ಲಿ ಮೊದಲು ಮೂಗಿಗೆ ಬಡಿಯುವುದು ಫಿನಾಯಿಲ್ ಅಲ್ಲ, ಬೀಡಿ ಹೊಗೆ. ಭಾನುವಾರ ನೋಡಲು ಬರುವ ಮನೆಯವರು ಮೊದಮೊದಲು ಬಾಳೆಹಣ್ಣು, ಬಿಸ್ಕತ್ತು ತರುತ್ತಾರೆ. ಎರಡನೇ ವಾರ ಒಳಗಿರುವವನು ಕಿವಿಯಲ್ಲಿ ಏನೋ ಹೇಳುತ್ತಾನೆ. ಮೂರನೇ ವಾರದಿಂದ ಬಾಳೆಹಣ್ಣಿನ ಚೀಲದ ತಳದಲ್ಲಿ ಬೀಡಿ ಕಟ್ಟು ಇರುತ್ತದೆ. ನಾಲ್ಕನೇ ವಾರ ಬಾಳೆಹಣ್ಣು ಇರುವುದಿಲ್ಲ.

ಯಾರೂ ತಪ್ಪು ತಿಳಿಯುವುದಿಲ್ಲ. ‘ಅದೊಂದಾದ್ರೂ ಇರ್ಲಿ ಬಿಡಿ ಪಾಪ’ ಎನ್ನುತ್ತಾರೆ. ನಮ್ಮ ಜನದಷ್ಟು ದಯಾವಂತರು ಬೇರೆಲ್ಲಿ ಸಿಗಬೇಕು? ಸಕ್ಕರೆ ಕಾಯಿಲೆಯವನಿಗೆ ‘ಒಂದೇ ಒಂದು ಹೋಳಿಗೆ’ ಬಡಿಸುವವರೂ ನಾವೇ.

ಮಾದೇವ ಸೇರಿದ ಹೊಸದರಲ್ಲಿ ಅಲ್ಲಿ ಬೀಡಿಗಾಗಿ ದಿನಾ ಜಗಳ. ಒಬ್ಬನದು ಇನ್ನೊಬ್ಬ ಕದಿಯುವುದು, ಕತ್ತಿನ ಪಟ್ಟಿ ಹಿಡಿಯುವುದು. ಕೇಂದ್ರದ ವಾರ್ಡನ್ ಲಿಂಗರಾಜು ತಲೆ ಕೆಟ್ಟು ಕೂತಿದ್ದ. ಅವನೂ ಹಳೆಯ ಕುಡುಕ. ಬಿಟ್ಟು ಹನ್ನೆರಡು ವರ್ಷ. ಬೀಡಿ ಬಿಟ್ಟು ಸೊನ್ನೆ ವರ್ಷ.

“ಸಾರ್, ನೀವು ಗೌರ್ಮೆಂಟ್ ಆಫೀಸಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೋರು. ಇದಕ್ಕೊಂದು ರೂಲ್ಸ್ ಬರ್ಕೊಡಿ” ಎಂದ.

ನಿವೃತ್ತ ಸೂಪರಿಂಟೆಂಡೆಂಟನಿಗೆ ‘ರೂಲ್ಸ್ ಬರ್ಕೊಡಿ’ ಎನ್ನುವುದು, ಕುಡಿತ ಬಿಟ್ಟವನಿಗೆ ‘ಒಂದೇ ಪೆಗ್’ ಎಂದ ಹಾಗೆ. ಆ ವಾರವೆಲ್ಲ ನಾನು ಊಟ ತಿಂಡಿ ಮರೆತೆ. ಹದಿನಾಲ್ಕು ನಿಯಮಗಳು ಸಿದ್ಧವಾದವು. ನಿಯಮ ಒಂದು: ‘ಈ ನಿಯಮಗಳನ್ನು ಬೀಡಿ ವಿತರಣಾ ನಿಯಮಾವಳಿ ಎಂದು ಕರೆಯತಕ್ಕದ್ದು.’ ಎಲ್ಲರ ಬೀಡಿಯೂ ಹೆಸರು ಬರೆದು ಒಂದೇ ಡಬ್ಬದಲ್ಲಿ ಇರತಕ್ಕದ್ದು. ಡಬ್ಬಕ್ಕೆ ಬೀಗ ಇರತಕ್ಕದ್ದು. ದಿನಕ್ಕೆ ನಾಲ್ಕು ಸಲ ಗಂಟೆ ಬಾರಿಸಿ, ಸಲಕ್ಕೊಂದರಂತೆ ವಿತರಿಸತಕ್ಕದ್ದು. ಜಗಳ ಮಾಡಿದವನಿಗೆ ಆ ದಿನ ಬೀಡಿ ಕಡಿತ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯ ಆಡಳಿತಕ್ಕೆ ಪ್ರೋತ್ಸಾಹಕ ಬೇಕಲ್ಲವೇ? ನಿಯಮ ಆರು ಹೀಗಿದೆ: ‘ಮದ್ಯ ಮುಟ್ಟದೆ ಪೂರೈಸಿದ ಪ್ರತಿ ತಿಂಗಳಿಗೂ ದಿನವೊಂದಕ್ಕೆ ಒಂದು ಹೆಚ್ಚುವರಿ ಬೀಡಿಗೆ ಅರ್ಹನಾಗತಕ್ಕದ್ದು.’

ಬರೆದು ಮುಗಿಸಿದಾಗ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಲಿಂಗರಾಜು ಅದನ್ನು ಲ್ಯಾಮಿನೇಷನ್ ಮಾಡಿಸಿ ಊಟದ ಹಾಲ್‌ನಲ್ಲಿ ನೇತುಹಾಕಿದ. ಜಗಳ ನಿಂತಿತು. ಜನ ಸಾಲಿನಲ್ಲಿ ನಿಂತರು. ಸರ್ಕಾರಿ ಸೇವೆಯ ಅಷ್ಟೂ ವರ್ಷಗಳಲ್ಲಿ ನಾನು ಬರೆದ ಯಾವ ಟಿಪ್ಪಣಿಯೂ ಇಷ್ಟು ಬೇಗ ಜಾರಿಗೆ ಬಂದಿರಲಿಲ್ಲ.

ಅಲ್ಲೊಬ್ಬರು ಬ್ಯಾಂಕ್ ಕ್ಯಾಷಿಯರ್ ಇದ್ದರು. ಕುಡಿತ ಬಿಟ್ಟರೆ ಬೇರೆ ಚಟವಿಲ್ಲ. ಎರಡು ತಿಂಗಳಾದ ಮೇಲೆ ನೋಡುತ್ತೇನೆ, ಅವರೂ ಬೀಡಿ ಸಾಲಿನಲ್ಲಿದ್ದಾರೆ!

“ನೀವ್ಯಾಕೆ ಸಾರ್ ಇಲ್ಲಿ?” ಎಂದೆ.

“ಗಂಟೆ ಹೊಡೀತಿದ್ದ ಹಾಗೆ ಎಲ್ರೂ ಎದ್ದು ಹೊರಗೆ ಹೋಗ್ಬಿಡ್ತಾರೆ. ನಗು, ಮಾತು ಎಲ್ಲಾ ಅಲ್ಲೇ. ಒಬ್ಬನೇ ಒಳಗೆ ಕೂತ್ಕೊಂಡು ಎಷ್ಟು ದಿನ ಅಂತ ಗೋಡೆ ನೋಡ್ಲಿ?”

ಸೇದದೇ ಇರುವವನಿಗೆ ಏನು ಪ್ರೋತ್ಸಾಹಕ ಎಂಬ ಬಗ್ಗೆ ನನ್ನ ನಿಯಮಾವಳಿ ಒಂದಕ್ಷರ ಹೇಳುವುದಿಲ್ಲ.

ಈಗ ಲೆಕ್ಕ ನೀವೇ ಹಾಕಿ. ಕುಡಿಯುವ ಕಾಲದಲ್ಲಿ ಮಾದೇವ ದಿನಕ್ಕೆ ಐದಾರು ಬೀಡಿ ಸೇದುತ್ತಿದ್ದ. ಹತ್ತು ತಿಂಗಳು ಕುಡಿಯದೆ ಇದ್ದು, ನಿಯಮ ಆರರ ಪ್ರಕಾರ ಹದಿನಾಲ್ಕಕ್ಕೆ ಅರ್ಹನಾದ. ಇಡೀ ಕೇಂದ್ರದಲ್ಲಿ ಅವನಷ್ಟು ಅರ್ಹರು ಯಾರೂ ಇರಲಿಲ್ಲ. ಒಳ್ಳೆಯವನಾದಷ್ಟೂ ಹೆಚ್ಚು ಸೇದಿದ. ನಾನು ಭಾನುವಾರ ಭಾನುವಾರ ನಾಲ್ಕು ಕಟ್ಟು ಹೊತ್ತೆ.

ಎರಡು ತಿಂಗಳ ಹಿಂದೆ ನಡೆಯುವಾಗ ಮೀನಖಂಡ ಹಿಡಿಯುತ್ತದೆ ಎಂದ. ಆಮೇಲೆ ಬೆರಳು ತಣ್ಣಗಿದೆ ಎಂದ. ಆಮೇಲೆ ಬಣ್ಣ ಬದಲಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸರ್ಜನ್ ಕಾಲನ್ನು ಒತ್ತಿ ನೋಡಿ, ಸ್ಕ್ಯಾನ್ ನೋಡಿ, ಸುತ್ತಿ ಬಳಸದೆ ಹೇಳಿದರು:

“ರಕ್ತನಾಳ ಮುಚ್ಕೊಳ್ತಿವೆ. ಬೀಡಿಯಿಂದ. ಇವತ್ತೇ ನಿಲ್ಲಿಸಿದ್ರೆ ಕಾಲು ಉಳಿಸ್ಕೋಬಹುದು. ಇಲ್ದಿದ್ರೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ ತನಕ.”

“ಹದಿನಾಲ್ಕು ಸೇದ್ತಿದೀನಿ ಡಾಕ್ಟ್ರೇ. ನಾಲ್ಕು ಮಾಡ್ಕೊಳ್ಲಾ?”

“ಒಂದೂ ಇಲ್ಲ.”

ಮಾದೇವ, ಮರೆತುಹೋಗಿದ್ದ ಸರ್ಟಿಫಿಕೇಟನ್ನು ಜೇಬಿಂದ ತೆಗೆಯುವವನ ಹಾಗೆ ಹೇಳಿದ: “ಕುಡಿಯೋದು ಪೂರ್ತಿ ಬುಟ್ಟಿದೀನಿ ಡಾಕ್ಟ್ರೇ.”

“ತುಂಬಾ ಸಂತೋಷ” ಎಂದರು ಸರ್ಜನ್. “ಆದ್ರೆ ನಿಮ್ಮ ಕಾಲಿಗೆ ಅದು ಗೊತ್ತಿಲ್ಲ.”

ಅದೇ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೆಲಸ ನೋಡಿಕೊಳ್ಳುವ ಡಾ. ಶ್ವೇತಾ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಇದ್ದಾರೆ. ಮಾದೇವನೊಬ್ಬನೇ ಬಿಡುವುದು ಕಷ್ಟ, ಸುತ್ತ ಇರುವವರೆಲ್ಲ ಸೇದುತ್ತಿದ್ದರೆ ಯಾರಿಂದಲೂ ಆಗದು, ನಾನೇ ಅಲ್ಲಿಗೆ ಬರುತ್ತೇನೆ ಎಂದರು. ಒಂದು ಭಾನುವಾರ ಬಂದೇ ಬಿಟ್ಟರು. ಊಟದ ಹಾಲ್‌ನಲ್ಲಿ ಒಳಗಿನವರು, ಮನೆಯವರು ಎಲ್ಲರೂ ಸೇರಿದರು. ಡಾಕ್ಟರು ಬೀಡಿಯ ಬದಲು ಅಗಿಯುವ ನಿಕೋಟಿನ್ ಗಮ್ ತೋರಿಸಿದರು. ಅದನ್ನು ಹೇಗೆ ಅಗಿಯಬೇಕು, ಯಾವಾಗ ದವಡೆಗೆ ಒತ್ತಿಕೊಳ್ಳಬೇಕು, ಆಸೆ ಬಂದಾಗ ಆ ಐದು ನಿಮಿಷ ಹೇಗೆ ದಾಟಬೇಕು ಎಂದು ತಾಳ್ಮೆಯಿಂದ ಹೇಳಿದರು.

ಲಿಂಗರಾಜು ಎದ್ದು ನಿಂತ. “ಮೇಡಂ, ಎರಡನ್ನೂ ಒಟ್ಟಿಗೆ ಕಿತ್ಕೊಂಡ್ರೆ ಮನುಷ್ಯ ನಿಲ್ಲಲ್ಲ. ಮತ್ತೆ ಬಾಟ್ಲಿಗೇ ಹೋಗ್ತಾನೆ. ನಾನು ಕಣ್ಣಾರೆ ನೋಡಿದೀನಿ.”

“ಅದು ಭಯ ಲಿಂಗರಾಜು ಅವರೇ. ಸರಿಯಾದ ಸಹಾಯ ಸಿಕ್ಕಿದ್ರೆ ಎರಡೂ ಬಿಡಬಹುದು. ಬೀಡಿ ಬಿಟ್ಟೋರಿಗೆ ಕುಡಿತದಿಂದ ದೂರ ಇರೋದೂ ಸುಲಭವಾಗುತ್ತೆ.”

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮಾತಾಡಿದರು. ಪುಟ್ಟಲಕ್ಷ್ಮಮ್ಮ. ಜಯಲಕ್ಷ್ಮಿಪುರಂನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಗಂಡ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

“ಅಂಗನ್ಬೇಡಿ ಡಾಕ್ಟ್ರಮ್ಮ. ಈವಯ್ಯ ಬೀಡಿ ಸೇದಿದ್ರೆ ಮನೆ ತುಂಬಾ ಹೊಗೆ ಬತ್ತದೆ. ಕುಡಿದ್ರೆ ನಂಗೆ ಒದೆ ಬೀಳ್ತದೆ. ಹೊಗೆ ನಾನು ತಡ್ಕೋತೀನಿ. ಬುಟ್ಬುಡಿ.”

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಹೆಂಗಸಿನ ಮಾತಿನಲ್ಲಿ ತಪ್ಪೆಲ್ಲಿದೆ? ಡಾಕ್ಟರ ಮಾತಿನಲ್ಲಿ ತಾನೇ ತಪ್ಪೆಲ್ಲಿದೆ?

ಮಾತು ಬದಲಿಸಲೋ ಏನೋ, ಡಾ. ಶ್ವೇತಾ ಗೋಡೆಯತ್ತ ತಿರುಗಿದರು. ಲ್ಯಾಮಿನೇಷನ್ ಮಾಡಿದ ಹಾಳೆಯನ್ನು ಓದಿದರು. ನಿಯಮ ಆರಕ್ಕೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು.

“ಇದನ್ನ ಯಾರು ಮಾಡಿದ್ದು?”

ನಿವೃತ್ತ ಸೂಪರಿಂಟೆಂಡೆಂಟನು ಬಾಗಿಲ ಬಳಿಯ ಕ್ಯಾಲೆಂಡರನ್ನು ಅತಿ ಆಸಕ್ತಿಯಿಂದ ಪರಿಶೀಲಿಸತೊಡಗಿದನು. ಮಾದೇವನೇ ಹೆಮ್ಮೆಯಿಂದ ಎದ್ದು ಹೇಳಿದ: “ನಮ್ ಭಾವ ಮೇಡಂ! ಆಫೀಸಲ್ಲಿ ಎಲ್ಲಾ ಇವ್ರೇ ಬರೀತಿದ್ದಿದ್ದು.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸಾರ್, ಬರೆದೋರೇ ತೆಗೀಬಹುದಲ್ವಾ?” ಎಂದರು ಅಷ್ಟೇ.

ತೆಗೆದೆ. ಮನೆಗೆ ಬಂದು ಆ ದಿನವೇ ತಿದ್ದುಪಡಿ ಬರೆದೆ. ಹೆಚ್ಚುವರಿ ಬೀಡಿ ರದ್ದು. ಗಂಟೆ ಬಾರಿಸಿದಾಗ ಟೀ, ಕಡಲೆಕಾಯಿ, ಕೇರಂ. ಬಿಡುತ್ತೇನೆ ಎಂದವರಿಗೆ ಗಮ್. ಏಳು ಜನ ಮುಂದೆ ಬಂದರು, ಮಾದೇವ ಮೊದಲನೆಯವನು. ಹನ್ನೊಂದು ದಿನ ಅವನು ಒಂದೂ ಸೇದಲಿಲ್ಲ. ಹನ್ನೊಂದನೆಯ ದಿನ ಫೋನ್ ಮಾಡಿ, “ಭಾವ, ಸಾರಿನ ವಾಸನೆ ಗೊತ್ತಾಯ್ತು ಕಣ್ರೀ ಇವತ್ತು. ಇಂಗು ಹಾಕಿದಾರೆ” ಎಂದ. ಸರೋಜ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು ಅಡುಗೆಮನೆಗೆ ಹೋಗಿ ಅತ್ತಳು. ಇಂಗಿಗೆ ಯಾರಾದರೂ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಹನ್ನೆರಡನೆಯ ದಿನ ರಾಜಣ್ಣ ಎಂಬ ಲಾರಿ ಡ್ರೈವರ್ ಗೇಟು ಹಾರಿ ಹೋದ. ಆ ಏಳು ಜನರಲ್ಲಿ ಒಬ್ಬ. ಸಂಜೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಬಳಿ ಕುಡಿದು ಬಿದ್ದಿದ್ದ.

ಮುಗಿಯಿತು. ‘ಹೇಳ್ಲಿಲ್ವಾ’ ಎಂದ ಲಿಂಗರಾಜು. ಬೀಡಿ ಮತ್ತೆ ಕೊಡಿ ಎಂದು ಮನೆಯವರೆಲ್ಲ ಫೋನ್ ಮಾಡಿದರು. ಇದೇ ರಾಜಣ್ಣ ಮೊದಲೂ ಎರಡು ಸಲ ಗೇಟು ಹಾರಿದ್ದ, ಆಗ ಜೇಬಿನ ತುಂಬ ಬೀಡಿಯಿತ್ತು ಎಂದು ಡಾ. ಶ್ವೇತಾ ನೆನಪಿಸಿದರು. ಯಾರಿಗೆ ಬೇಕು? ಲಿಂಗರಾಜು ಕೈ ಎತ್ತಿಸಿ ಮತ ಹಾಕಿಸಿದ. ತಿದ್ದುಪಡಿ ಬಿದ್ದುಹೋಯಿತು. ಹಳೆಯ ನಿಯಮಾವಳಿ, ನಿಯಮ ಆರರ ಸಮೇತ, ಮತ್ತೆ ಗೋಡೆಗೆ ಬಂತು.

ಮಾದೇವ ಮಾತ್ರ ಸೇದದೆ ತಡೆದುಕೊಂಡಿದ್ದ. ಆದರೆ ಇನ್ನೊಂದು ನಿಯಮವಿತ್ತಲ್ಲ! ನಿಯಮ ಒಂಬತ್ತು: ‘ಡಬ್ಬದ ಬೀಗದ ಕೈ, ಅತಿ ಹೆಚ್ಚು ದಿನ ಮದ್ಯ ಮುಟ್ಟದೆ ಇರುವ ನಿವಾಸಿಯ ವಶದಲ್ಲಿರತಕ್ಕದ್ದು.’ ಎಂಥ ದೂರದೃಷ್ಟಿ ನೋಡಿ. ಬೀಡಿ ಬಿಟ್ಟು ಎರಡು ವಾರವೂ ಆಗದವನು ದಿನಕ್ಕೆ ನಾಲ್ಕು ಸಲ ಡಬ್ಬ ತೆಗೆದು, ಇಪ್ಪತ್ತು ಜನಕ್ಕೆ ತನ್ನ ಕೈಯಾರೆ ಬೀಡಿ ಹಂಚಿ, ಬೆಂಕಿ ಕೊಟ್ಟು, ಪಕ್ಕಕ್ಕೆ ನಿಲ್ಲಬೇಕು.

ಓಡಿ ಹೋದೆ. “ಲಿಂಗರಾಜು, ಬೀಗದ ಕೈ ಬೇರೆಯವರಿಗೆ ಕೊಡಪ್ಪ” ಎಂದೆ. “ಬೇರೆ ಯಾರಿಗೆ ಕೊಟ್ರೂ ಕದೀತಾರೆ ಸಾರ್. ಅದಕ್ಕೇ ಅಲ್ವಾ ನೀವು ಅಂಗೆ ಬರೆದಿದ್ದು?” ಎಂದ. ಸರಿ, ಮಾದೇವನನ್ನೇ ಕೇಳಿದೆ. ಅವನು ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಇದೊಂದು ಕೇಳ್ಬೇಡಿ ಭಾವ.”

“ಕಾಲು ಹೋಗುತ್ತೆ ಕಣೋ.”

“ನನ್ ಜೀವ್ನದಲ್ಲಿ ಯಾರಾದ್ರೂ ನನ್ ಕೈಗೆ ಬೀಗದ ಕೈ ಕೊಟ್ಟಿದ್ರಾ? ನಾನು ಮನೆಗೆ ಬಂದ್ರೆ ನೀವು ಬೀರು ಕೀ ತಗಂಡು ಜೇಬಿಗೆ ಹಾಕ್ಕೊಳ್ತಿದ್ರಿ. ನಾನು ನೋಡಿಲ್ಲ ಅಂದ್ಕಂಡ್ರಾ?”

ಹಾಕಿಕೊಳ್ಳುತ್ತಿದ್ದೆ. ಸತ್ಯ. ಅವನು ಬಚ್ಚಲಿಗೆ ಹೋದಾಗ, ಶಬ್ದವಾಗದ ಹಾಗೆ. ಅವನು ನೋಡಿದ್ದಾನೆಂದು ನನಗೆ ತಿಳಿದಿರಲಿಲ್ಲ.

ಬೀಗದ ಕೈಯನ್ನು ಅವನಲ್ಲೇ ಬಿಟ್ಟು ಬಂದೆ. ನಾಲ್ಕು ದಿನದಲ್ಲಿ ಅವನು ಮತ್ತೆ ಹಚ್ಚಿದನೆಂದು ಕ್ಯಾಷಿಯರ್ ತಿಳಿಸಿದರು. “ಮೊದಲು ಬೇರೆಯವರಿಗೆ ಹಚ್ಚಿಕೊಡೋವಾಗ ಒಂದು ದಮ್ಮು ಎಳೀತಿದ್ರು. ಈಗ ಪೂರ್ತಿ.” ಡಾ. ಶ್ವೇತಾ ಮತ್ತೆರಡು ಸಲ ಬಂದರು. ಹೊಸ ಗಮ್ ಕೊಟ್ಟರು. ಬಿಟ್ಟು ಮತ್ತೆ ಹಚ್ಚುವುದು ಸೋಲಲ್ಲ, ಇನ್ನೊಮ್ಮೆ ಬಿಡೋಣ ಎಂದರು. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಅವರನ್ನು ನಂಬಿದವನು ಬಹುಶಃ ನಾನೊಬ್ಬನೇ. ನಾನು ಬೀಡಿ ಸೇದುವುದಿಲ್ಲ.

ಹೋದ ಗುರುವಾರ ಹೆಬ್ಬೆರಳನ್ನು ತೆಗೆದರು.

ಭಾನುವಾರ ವಾರ್ಡಿಗೆ ಹೋದಾಗ ಲಿಂಗರಾಜು ಸೇಬು ಹಿಡಿದುಕೊಂಡು ಬಂದಿದ್ದ. (ಆಸ್ಪತ್ರೆಯಲ್ಲವೇ, ಮರ್ಯಾದೆ.) ಮುಂದಿನ ತಿಂಗಳು ಮಾದೇವನಿಗೆ ಒಂದು ವರ್ಷ ತುಂಬುತ್ತದೆ. ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ. ಸನ್ಮಾನ ಪತ್ರ ನಾನೇ ಬರೆಯಬೇಕಂತೆ. “ನಿಮ್ಮ ಭಾಷೆ ನಮಗೆ ಬರಲ್ಲ ಸಾರ್” ಎಂದ. ಮಾದೇವ ಮಲಗಿದ್ದಲ್ಲೇ ನಕ್ಕ. ಬ್ಯಾಂಡೇಜು ಸುತ್ತಿದ ಕಾಲು ದಿಂಬಿನ ಮೇಲಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಮೂರು ದಿನದಿಂದ ಬೀಡಿ ಇಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ, ಇಲ್ಲಿಂದಲೇ ಮತ್ತೆ ಶುರು ಮಾಡೋಣ ಎಂದು ಡಾ. ಶ್ವೇತಾ ಹೇಳಿ ಹೋಗಿದ್ದರು.

ಸರೋಜ ನನ್ನನ್ನು ಕಾರಿಡಾರಿಗೆ ಕರೆದಳು. ಆಚೀಚೆ ನೋಡಿದಳು.

“ರೀ. ಕೆಳಗೆ ಹೋಗಿ ಒಂದು ಕಟ್ಟು ತಂದ್ಬುಡಿ.”

ತಮ್ಮನ ಬೆರಳು ಕಪ್ಪಾದ ದಿನದಿಂದ ಸೋಮವಾರ ಒಪ್ಪೊತ್ತು ಮಾಡುತ್ತಿರುವ ಹೆಂಗಸು ಇವಳು. ಚಂದ್ರಪ್ಪನ ಅಂಗಡಿ ಕಡೆ ಹೋಗಬೇಡಿ ಎಂದು ನನ್ನಿಂದ ಆಣೆ ಮಾಡಿಸಿಕೊಂಡವಳು.

“ನೀನೇನಾ ಹೇಳ್ತಿರೋದು?” ಎಂದೆ. “ಡಾಕ್ಟ್ರು ನಾಳೆ ಬರ್ತಾರೆ. ಒಂದು ರಾತ್ರಿ ಕಣೇ.”

“ಅವನ ಕೈ ನೋಡಿದ್ರಾ? ಆ ನಡುಕ ನಿಮಗೆ ಗೊತ್ತಿಲ್ಲ, ನಂಗೊತ್ತು. ಹತ್ತು ವರ್ಷ ನೋಡಿದೀನಿ. ನಾಳೆ ಡಾಕ್ಟ್ರು ಬರೋಷ್ಟರಲ್ಲಿ ಹಾಸಿಗೆ ಖಾಲಿ ಇದ್ರೆ? ಎಲ್ಲಿ ಅಂತ ಹುಡುಕ್ತೀರಿ, ಬಾರ್‌ನಲ್ಲಾ?” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಬೆರಳು ಹೋದ್ರೆ ಹೋಗ್ಲಿ ರೀ. ಅವನು ಹೋಗ್ಬಾರ್ದು.”

ಇದು ತಪ್ಪು ಎಂದು ನನಗೆ ಗೊತ್ತಿತ್ತು. ಡಾಕ್ಟರು ಹೇಳಿದ್ದು ಮಾತು ಮಾತೂ ನೆನಪಿತ್ತು. ಆದರೂ ಹದಿನಾಲ್ಕು ನಿಯಮ ಬರೆದ ನಾನೇ ಆಸ್ಪತ್ರೆಯ ಮೆಟ್ಟಿಲಿಳಿದು, ರಸ್ತೆ ದಾಟಿ, ತಂದುಕೊಟ್ಟೆ.

ಆ ಕಾಲಿನಲ್ಲಿ ಇನ್ನೂ ನಾಲ್ಕು ಬೆರಳಿವೆ.